ಹಾರ್ಡ್ ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್: ಚೆಕ್‌ಡಿಸ್ಕ್ ಕೊಡಬಹುದಾ?

ತುಂಗಾತೀರ:
ಅಂಗಡಿ ಕಂಪ್ಯೂಟರ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಕೆಲವು ಫೋಲ್ಡರ್ ತೆರೆದರೆ ಹ್ಯಾಂಗ್ ಆಗುತ್ತೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಬಣ್ಣದ ‘ಕಾಷನ್’. 05ರ (ಬದಲಿ ಕೊಟ್ಟ ಸೆಕ್ಟರ್, ಅಂದರೆ ಡಿಸ್ಕ್‌ನ ಪುಟ್ಟ ತುಂಡುಗಳ ಎಣಿಕೆ) ಮುಂದೆ 0, ಸಿ5 (ಪೆಂಡಿಂಗ್ ಸೆಕ್ಟರ್) ಮತ್ತು ಸಿ6 (ಸರಿಪಡಿಸಲಾಗದ ಸೆಕ್ಟರ್) ಮುಂದೆ ಎ8, ಸಿ7 (ಡೇಟಾ ಸಾಗಣೆಯ ದೋಷ) ಮುಂದೆ 0. ಟ್ಯಾಲಿ ಡೇಟಾ, ಮನೆಯ ಫೋಟೋ ಎಲ್ಲ ಅದರಲ್ಲೇ ಇದೆ, ಬ್ಯಾಕಪ್ ಇಲ್ಲ. ವಿಂಡೋಸ್‌ನ ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಕಮಾಂಡ್ ಕೊಟ್ಟರೆ ಸರಿಹೋಗುತ್ತಾ?

ಸೆಕ್ಟರ್63:
ಈಗ ಖಂಡಿತ ಕೊಡಬೇಡಿ. ಅದು ಫೈಲ್ ಸಿಸ್ಟಮ್ ಸರಿಮಾಡುವ ಸಾಧನ, ಡೇಟಾ ಉಳಿಸುವುದಲ್ಲ. ಸೋತ ಡ್ರೈವನ್ನು ಪೂರ್ತಿ ಓದಿಸುತ್ತೆ, ಅದರ ಮೇಲೆಯೇ ಬರೆಯುತ್ತೆ.

ಮೊದಲು ಕಾಪಿ. ಮಷಿನ್ ಆಫ್ ಮಾಡಿ, ಖಾಲಿ ಇರುವ 2 ಟಿಬಿ ಡ್ರೈವ್ ಜೋಡಿಸಿ, ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಕೆಟ್ಟ ಡ್ರೈವ್‌ನಿಂದ ಡೇಟಾ ಎತ್ತಿಕೊಳ್ಳುವ ಜಿಎನ್‌ಯು ಡಿಡಿರೆಸ್ಕ್ಯೂ ಹಾಕಿಕೊಳ್ಳಿ. ಉಬುಂಟುನಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ. ಮೊದಲ ಸುತ್ತು ಮೈನಸ್ ಡಿ, ಮೈನಸ್ ಎನ್ ಆಯ್ಕೆ ಕೊಟ್ಟು: ಚೆನ್ನಾಗಿರುವ ಜಾಗವನ್ನೆಲ್ಲ ಬೇಗ ಎತ್ತಿಕೊಂಡು, ಕೆಟ್ಟ ಜಾಗವನ್ನು ಕೆರೆಯುವ ಕೆಲಸ ಮುಂದಕ್ಕೆ ಹಾಕುತ್ತೆ. ಎರಡನೇ ಸುತ್ತು ಮೈನಸ್ ಎನ್ ತೆಗೆದು, ಮೈನಸ್ ಆರ್ 3 (ಕೆಟ್ಟ ಜಾಗವನ್ನು ಮೂರು ಸಲ ಮತ್ತೆ ಓದಿ ನೋಡಲು) ಸೇರಿಸಿ. ಎರಡಕ್ಕೂ ಅದೇ ಇಮೇಜ್ (ಡ್ರೈವ್‌ನ ಪೂರ್ತಿ ಪ್ರತಿ ಇರುವ ಫೈಲ್), ಅದೇ ಮ್ಯಾಪ್ ಫೈಲ್ (ಎಲ್ಲಿ ಓದಿ ಆಯ್ತು, ಎಲ್ಲಿ ಬಾಕಿ ಅನ್ನೋ ದಾಖಲೆ) ಇರಲಿ. ಮ್ಯಾಪ್ ಫೈಲನ್ನು ಹೊಸ ಡ್ರೈವ್‌ನಲ್ಲೇ ಉಳಿಸಿ. ಲೈವ್ ಸೆಷನ್‌ನ ಹೋಮ್ ಫೋಲ್ಡರ್‌ನಲ್ಲಿಟ್ಟರೆ ರೀಬೂಟ್ ಆದ ತಕ್ಷಣ ಹೋಯ್ತು, ಮತ್ತೆ ಮೊದಲಿಂದ ಶುರು. ಹೊಸ ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಆಗಿರಬಾರದು, 4 ಜಿಬಿಗೇ ಫೈಲ್ ನಿಂತುಬಿಡುತ್ತೆ.

ಯಾವುದು ಹಳೇ ಡ್ರೈವ್, ಯಾವುದು ಹೊಸದು ಅಂತ ಸೈಜು, ಮಾಡೆಲ್ ಎರಡನ್ನೂ ನೋಡಿ ಖಚಿತಪಡಿಸಿಕೊಳ್ಳಿ.

ತುಂಗಾತೀರ:
ಥ್ಯಾಂಕ್ಸ್ ಸರ್. ಹಳೇ ಡ್ರೈವ್ ಬಿಚ್ಚಿ ಯುಎಸ್‌ಬಿ ಕೇಸ್‌ಗೆ ಹಾಕಿ ಮಾಡಬಹುದಾ?

ಸೆಕ್ಟರ್63:
ಬೇಡ. ಓದಲಾಗದ ಸೆಕ್ಟರ್ ಸಿಕ್ಕಾಗ ಎಷ್ಟೋ ಯುಎಸ್‌ಬಿ ಅಡಾಪ್ಟರ್‌ಗಳು ರೀಸೆಟ್ ಆಗಿ ಡ್ರೈವೇ ಮಾಯವಾಗುತ್ತೆ. ನೇರ ಮದರ್‌ಬೋರ್ಡ್‌ನ ಸಾಟಾ ಪೋರ್ಟ್‌ನಲ್ಲೇ ಇರಲಿ.

ಪ್ಲ್ಯಾಟರ್_ಪ್ರಿಯ:
ಆ ಎ8 ಅನ್ನೋದು ಹೆಕ್ಸ್ (16ರ ಆಧಾರದ ಎಣಿಕೆ), ನಮ್ಮ ಲೆಕ್ಕದಲ್ಲಿ 168. ಹೊಸ ಡ್ರೈವ್‌ಗಳಲ್ಲಿ ಒಂದು ಭೌತಿಕ ಸೆಕ್ಟರ್ 4096 ಬೈಟ್, ಹೊರಗೆ ತೋರಿಸುವುದು 512ರ ಎಂಟು ತುಂಡು. ಆ ಲೆಕ್ಕದಲ್ಲಿ ನಿಜವಾಗಿ ಕೈಕೊಟ್ಟಿರುವುದು 21 ಜಾಗ ಇರಬಹುದು. ಸಿ7 ಸೊನ್ನೆ ಇರುವುದರಿಂದ ಕೇಬಲ್ ಮೇಲೆ ಅನುಮಾನ ಬೇಡ.

ಸಿ5 ಅಂದರೆ ‘ಪೆಂಡಿಂಗ್’. ಡ್ರೈವ್‌ಗೆ ಓದಲಾಗಿಲ್ಲ, ಆದರೆ ಇನ್ನೂ ಬದಲಿ ಸೆಕ್ಟರ್ ಕೊಟ್ಟಿಲ್ಲ. ಸಾಮಾನ್ಯವಾಗಿ ಅದರ ಮೇಲೆ ಬರೆದಾಗಲೇ ತೀರ್ಮಾನ ಆಗೋದು. ಹಾಗಾಗಿ ಕಾಪಿ ಮುಗಿದು, ಫೈಲ್‌ಗಳನ್ನು ತೆರೆದು ನೋಡಿದ ಮೇಲೆ, ಹಳೇ ಡ್ರೈವ್‌ಗೆ ವಿಂಡೋಸ್‌ನ ಡಿಸ್ಕ್‌ಪಾರ್ಟ್ ಕಮಾಂಡ್‌ನ ‘ಕ್ಲೀನ್ ಆಲ್’ ಕೊಡಿ. ಪೂರ್ತಿ ಸೊನ್ನೆ ಬರೆಯುತ್ತೆ. ಬರೇ ‘ಕ್ಲೀನ್’ ಸಾಲದು. ಆಮೇಲೆ ಸಿ5 ಸೊನ್ನೆಗಿಳಿದು 05 ಸೊನ್ನೆಯಲ್ಲೇ ಇದ್ದರೆ, ಕರೆಂಟ್ ಹೋದಾಗ ಅರ್ಧಂಬರ್ಧ ಬರೆದದ್ದೇ ಕಾರಣ ಇರಬಹುದು. 05 ಏರಿದರೆ ಮೇಲ್ಮೈಯೇ ಕೆಟ್ಟಿದೆ. ಡ್ರೈವ್ ತನ್ನನ್ನು ತಾನೇ ಪೂರ್ತಿ ಪರೀಕ್ಷಿಸಿಕೊಳ್ಳುವ ಒಂದು ಲಾಂಗ್ ಟೆಸ್ಟ್ ಓಡಿಸಿ. ಅದು ಫೇಲಾದರೆ ಅಥವಾ 05 ಏರುತ್ತಲೇ ಹೋದರೆ ಡ್ರೈವ್ ಎತ್ತಿಡಿ. ಪಾಸಾದರೂ ಟ್ಯಾಲಿಗೆ ಅದನ್ನು ನಾನಂತೂ ಬಳಸಲ್ಲ.

ಅಡಿಕೆತೋಟ:
ಇಮೇಜ್‌ನಲ್ಲಿ ಸಿಗದ ಜಾಗ ಖಾಲಿ ಉಳಿಯುತ್ತೆ, ಫೈಲ್ ಹೆಸರು ಮಾತ್ರ ಸರಿಯಾಗೇ ಕಾಣುತ್ತೆ. ಫೋಟೋದ ಕೆಳಗಿನರ್ಧ ಬೂದು ಬಣ್ಣಕ್ಕೆ ತಿರುಗಿದ್ದರೆ ಕಾರಣ ಅದೇ. ಚೆಕ್‌ಡಿಸ್ಕ್ ಬೇಕೇ ಆದರೆ ಇಮೇಜ್‌ನ ಇನ್ನೊಂದು ಪ್ರತಿಯ ಮೇಲೆ ಮಾಡಿ. ಟ್ಯಾಲಿ ಕಂಪನಿ ತೆರೆಯದಿದ್ದರೂ ಅಷ್ಟೇ, ಡೇಟಾ ಫೋಲ್ಡರ್ ಕಾಪಿ ಮಾಡಿಕೊಂಡೇ ರಿಪೇರಿ ಒತ್ತಿ.

ನಡುವೆ ಡ್ರೈವ್ ಟಕ್ ಟಕ್ ಅಂತ ಸದ್ದು ಮಾಡಿದರೆ ತಕ್ಷಣ ಪವರ್ ತೆಗೆಯಿರಿ. ಅದು ಹೆಡ್ (ಡೇಟಾ ಓದುವ ಭಾಗ) ತೊಂದರೆ, ಡೇಟಾ ರಿಕವರಿ ಲ್ಯಾಬ್‌ನವರ ಕೆಲಸ. ಫ್ರೀಜರ್‌ನಲ್ಲಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಪ್ಲ್ಯಾಟರ್ (ಒಳಗಿನ ತಟ್ಟೆ) ಮೇಲೆ ತೇವ ಕೂತರೆ ಲ್ಯಾಬ್‌ನವರ ಕೆಲಸ ಇನ್ನೂ ಕಷ್ಟವಾಗುತ್ತೆ.