ಹಳೆ ಗ್ಯಾರೇಜಿನ ಜಾಗದಲ್ಲಿ ನೆಲಮಾಳಿಗೆ: ತೋಡುವ ಮುನ್ನ ಮಣ್ಣು, ನೀರು ಎರಡನ್ನೂ ಪರೀಕ್ಷಿಸಬೇಕು

ಬಾವಿ ಮನೆ, ಮೂರನೇ ಅಡ್ಡರಸ್ತೆ:
ಎಲ್ಲರಿಗೂ ನಮಸ್ಕಾರ. ಮೂಲೆಯ ಹಳೆ ಗ್ಯಾರೇಜನ್ನು ಕೆಡವಿ ಸುತ್ತ ತಗಡು ಕಟ್ಟಿದ್ದನ್ನು ನೋಡಿದ್ದೀರಿ. ಅಲ್ಲಿ ಅಪಾರ್ಟ್‌ಮೆಂಟ್, ಅದರ ಕೆಳಗೆ ಕಾರು ನಿಲ್ಲಿಸಲು ನೆಲಮಾಳಿಗೆ ಬರಲಿದೆ. ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ರಸ್ತೆಯಲ್ಲಿ ನಿಲ್ಲುವ ಕಾರುಗಳು ಒಳಗೆ ಹೋದರೆ ನಮಗೇ ಅನುಕೂಲ. ಆದರೆ ಹನ್ನೆರಡು ಅಡಿ ಇಳಿಯುವ ಮುನ್ನ ಆ ನೆಲದೊಳಗೆ ಏನಿದೆ ಎಂದು ಗೊತ್ತಾಗಲೇಬೇಕು.

ಗ್ಯಾರೇಜಿನ ಹಿಂಭಾಗದಲ್ಲಿ ಆಯಿಲ್ ಬದಲಿಸುವ ಗುಂಡಿ ಇತ್ತು. ಬೇವಿನ ಮರದ ಪಕ್ಕದ ಶೆಡ್ಡಿನಲ್ಲಿ ಬ್ಯಾಟರಿಗಳನ್ನು ಬಿಚ್ಚಿ ದುರಸ್ತಿ ಮಾಡುತ್ತಿದ್ದರು. ಅಲ್ಲಿ ನೆಲಕ್ಕೆ ಗಿಲಾವೂ ಇರಲಿಲ್ಲ, ಕಾಂಕ್ರೀಟೂ ಇರಲಿಲ್ಲ. ಚೆಲ್ಲಿದ್ದೆಲ್ಲ ಮಣ್ಣಿಗೇ ಇಂಗಿದೆ. ಇದೇ ಸಾಲಿನಲ್ಲಿ ಐದು ಮನೆಗಳಲ್ಲಿ ಬಾವಿಗಳಿವೆ. ರಕ್ಕಸಕೊಪ್ಪ ಜಲಾಶಯದಿಂದ ಬರುವ ನಳದ ನೀರು ತಪ್ಪಿದ ದಿನ ಅರ್ಧ ಓಣಿಗೆ ಅವೇ ಆಧಾರ.

ನನ್ನ ನಿಜವಾದ ಚಿಂತೆ ಪಂಪಿನದು. ಗುಂಡಿಯಲ್ಲಿ ನೀರು ಬಂದರೆ ಹಗಲೂ ರಾತ್ರಿ ಪಂಪು ಹಚ್ಚುತ್ತಾರೆ. ಆಗ ಸುತ್ತಲಿನ ಅಂತರ್ಜಲವೆಲ್ಲ ಗುಂಡಿಯ ಕಡೆಗೆ ಹರಿಯುತ್ತದೆ. ಇಷ್ಟು ವರ್ಷ ಒಂದು ಮೂಲೆಯಲ್ಲಿ ತಂಗಿದ್ದ ಆಯಿಲ್ ನೀರಿನ ಜೊತೆ ಕೆಳಗಿಳಿದು ಹೊಸ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಪಂಪು ನಿಂತು ನೀರು ಮತ್ತೆ ಏರಿದಾಗ ಅದು ಎಲ್ಲಿಗೆ ಸರಿಯುತ್ತದೆಂದು ಯಾರು ಹೇಳಬಲ್ಲರು? ಹೊರಹಾಕಿದ ನೀರು ಗಟಾರ ಸೇರಿ ನಮ್ಮ ಊರಿನ ಬಳ್ಳಾರಿ ನಾಲೆಯ ದಾರಿ ಹಿಡಿಯುತ್ತದೆ. ಇದನ್ನು ಪಾಲಿಕೆಗೆ ಬರೆದು ಕೊಡೋಣ. ಸಹಿ ಹಾಕುವವರು ಇಲ್ಲಿ ತಿಳಿಸಿ.

ಹಿಟ್ಟಿನ ಗಿರಣಿ ಪಕ್ಕದವರು:
ನಮ್ಮ ಸಹಿ ಇದೆ ಅಕ್ಕ. ಒಂದು ಮಾತು ಕೇಳುತ್ತೇನೆ: ಅಲ್ಲಿ ತೋಡಿದ ಮಣ್ಣನ್ನು ನಮ್ಮ ತಗ್ಗು ಸೈಟಿಗೆ ಭರಾವು ಹಾಕಲು ಕೇಳಿಟ್ಟಿದ್ದೇವೆ. ಪುಕ್ಕಟೆ ಕೊಡುತ್ತೇವೆ ಎಂದಿದ್ದಾರೆ. ತೆಗೆದುಕೊಳ್ಳಬಹುದೇ?

ಎದುರು ಮನೆ, ಸಿವಿಲ್ ಇಂಜಿನಿಯರ್:
ವರದಿ ಬರುವ ತನಕ ಒಂದು ಟ್ರಾಲಿಯನ್ನೂ ಇಳಿಸಿಕೊಳ್ಳಬೇಡಿ. ಬ್ಯಾಟರಿಗಳ ಸೀಸ ಬೆರೆತ ಮಣ್ಣು ಮಕ್ಕಳು ಆಡುವ ಅಂಗಳಕ್ಕೆ ಬಂದರೆ ಮತ್ತೆ ತೆಗೆಸುವುದು ಬಹಳ ಕಷ್ಟ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅದು ತೊಯ್ದ ಮಣ್ಣನ್ನು ಕಂಡಲ್ಲಿ ಸುರಿಯುವಂತಿಲ್ಲ.

ಮೂಲೆ ನಿವೇಶನದವರು:
ನಾನು ಈ ಗುಂಪಿನಲ್ಲೇ ಇದ್ದೇನೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ನಾವು ಮಣ್ಣು ಪರೀಕ್ಷೆ ಮಾಡಿಸಿದ್ದೇವೆ. ನಿವೇಶನದ ನಡುವೆ ಬೋರು ಹಾಕಿ ನೋಡಿದ್ದಾರೆ. ಮೇಲೆ ಕೆಂಪು ಮಣ್ಣು, ಕೆಳಗೆ ಮುರುಮ ಎಂಬ ಗರಸು ಮಣ್ಣು, ಅದರಡಿ ಗಟ್ಟಿ ಜಂಬಿಟ್ಟಿಗೆ. ನೀರು ಸಿಕ್ಕಿಲ್ಲ. ಬ್ಯಾಂಕಿನ ಸಾಲ ಮಂಜೂರಾಗಿದೆ, ಬಡ್ಡಿ ಓಡುತ್ತಿದೆ. ಪಾಲಿಕೆಗೆ ತಕರಾರು ಅರ್ಜಿ ಹೋದರೆ ಎಷ್ಟು ತಿಂಗಳು ಹಿಡಿಯುತ್ತದೆಂದು ನಿಮಗೂ ಗೊತ್ತು.

ಸಿವಿಲ್ ಇಂಜಿನಿಯರ್:
ತಮ್ಮಾ, ಬೋರು ಹಾಕಿದ್ದು ಯಾವ ತಿಂಗಳು?

ಮೂಲೆ ನಿವೇಶನದವರು:
ಏಪ್ರಿಲ್.

ಸಿವಿಲ್ ಇಂಜಿನಿಯರ್:
ಹಾಗಾದರೆ ‘ನೀರು ಸಿಕ್ಕಿಲ್ಲ’ ಎಂಬ ಮಾತು ಏಪ್ರಿಲ್‌ಗೆ ಮಾತ್ರ ಸರಿ. ನಮ್ಮ ಬೆಳಗಾವಿಯ ಜಂಬಿಟ್ಟಿಗೆ ತುಂಬ ರಂಧ್ರಗಳು. ಬೇಸಿಗೆಯಲ್ಲಿ ಒಣಗಿ ಕಾಣುವುದು ಪುಷ್ಯ ಮಳೆಯ ಹೊತ್ತಿಗೆ ನೀರು ಕುಡಿದು ನಿಂತಿರುತ್ತದೆ. ಅದರ ಕೆಳಗೆ ಜೇಡಿ ಪದರ ಇದ್ದರಂತೂ ನೀರು ಇಳಿಯುವುದೇ ಇಲ್ಲ. ನಿಮ್ಮ ಎಡಕ್ಕಿರುವ ಬಾವಿಗೆ ಜುಲೈಯಲ್ಲಿ ಇಣುಕಿ ನೋಡಿ, ನೀರು ಕೈಗೆ ಸಿಗುವಷ್ಟು ಮೇಲಿರುತ್ತದೆ.

ಲೆಕ್ಕ ಹೇಳುತ್ತೇನೆ. ನೆಲಮಾಳಿಗೆಯ ತಳಕ್ಕಿಂತ ನೀರು ಎರಡು ಮೀಟರ್ ಮೇಲೆ ನಿಂತರೆ ಪ್ರತಿ ಚದರ ಮೀಟರಿಗೆ ಎರಡು ಟನ್ ಒತ್ತಡ ಕೆಳಗಿನಿಂದ ಮೇಲಕ್ಕೆ ಬರುತ್ತದೆ. 30 ಸೆಂ.ಮೀ. ದಪ್ಪದ ಕಾಂಕ್ರೀಟ್ ತಳದ ಸ್ವಂತ ತೂಕ ಮುಕ್ಕಾಲು ಟನ್ನಿನಷ್ಟು. ಮೇಲಿನ ಮಹಡಿಗಳ ಭಾರ ಬರುವ ಮೊದಲೇ ಪಂಪು ನಿಲ್ಲಿಸಿದರೆ ತಳ ಉಬ್ಬಿ ಬಿರಿಯುತ್ತದೆ. ಇದು ಮೊದಲು ನಿಮ್ಮ ನಷ್ಟ, ಆಮೇಲೆ ನಮ್ಮದು.

ಒಂದು ಬೋರು ಏಕೆ ಸಾಲದು ಎಂಬುದನ್ನೂ ಹೇಳಬೇಕು. ಅಲ್ಲಿ 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ನೆಲ ಎಷ್ಟು ಭಾರ ಹೊರುತ್ತದೆ ಎಂಬುದಕ್ಕೆ ಅದು ಉತ್ತರ. ಸಣ್ಣ ಕಟ್ಟಡಕ್ಕೆ ನಡುವೆ ಒಂದೇ ಬೋರು ಸಾಕು ಎಂದು ನೆಲದ ತನಿಖೆಯ ಭಾರತೀಯ ಮಾನಕ ಐಎಸ್ 1892 ಹೇಳುವುದೂ ಈ ಭಾರದ ಪ್ರಶ್ನೆಗೆ. ಮಣ್ಣು ಕೆಟ್ಟಿದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮಾದರಿಯನ್ನು ಎಲ್ಲಿ ಚೆಲ್ಲಿದೆಯೋ ಅಲ್ಲಿಂದ ತೆಗೆಯಬೇಕು, ನಿವೇಶನದ ನಡುವಿನಿಂದ ಅಲ್ಲ.

ಮಾಸ್ತರ್ ಕಾಕಾ, ಎರಡನೇ ಅಡ್ಡರಸ್ತೆ:
ನಿಮಗಾರಿಗೂ ಗೊತ್ತಿಲ್ಲದ ಒಂದು ವಿಷಯವಿದೆ. ಗ್ಯಾರೇಜು ಬರುವ ಮುನ್ನ ಅದು ಮನೆಯ ಹಿತ್ತಿಲು, ಅಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತು. ಬೇವಿನ ಮರದಿಂದ ರಸ್ತೆಯ ಕಡೆಗೆ ಸುಮಾರು ಹತ್ತು ಹೆಜ್ಜೆ. ಕೆಡವಿದ ಗೋಡೆಯ ಕಲ್ಲು, ಹಂಚಿನ ಚೂರು, ಕಸ ಎಲ್ಲ ತುಂಬಿ ಮುಚ್ಚಿದರು. 1924ರ ಅಧಿವೇಶನಕ್ಕಾಗಿ ತೋಡಿದ ಕಾಂಗ್ರೆಸ್ ಬಾವಿಯನ್ನು ಇಂದಿಗೂ ತೋರಿಸಿ ಹೆಮ್ಮೆಪಡುವ ಊರಿನಲ್ಲಿ ಜೀವಂತ ಬಾವಿಯನ್ನು ಹೀಗೆ ಮುಚ್ಚಿದ್ದು ನನಗೆ ಆಗಲೇ ನೋವಾಗಿತ್ತು.

ಸಿವಿಲ್ ಇಂಜಿನಿಯರ್:
ಕಾಕಾ, ಇದು ಎಲ್ಲಕ್ಕಿಂತ ಮುಖ್ಯವಾದ ಮಾಹಿತಿ. ಮುಚ್ಚಿದ ಬಾವಿ ಎಂದರೆ ಗಟ್ಟಿ ನೆಲದ ನಡುವೆ ಸಡಿಲ ಮಣ್ಣಿನ ಕಂಬ. ಅದರ ಮೇಲೆ ಪಾಯ ಬಿದ್ದರೆ ಒಂದು ಬದಿ ಕುಸಿಯುತ್ತದೆ. ಆಯಿಲಿಗೆ ನೇರವಾಗಿ ಅಂತರ್ಜಲ ಮುಟ್ಟುವ ದಾರಿಯೂ ಅದೇ. ನಡುವಿನ ಬೋರಿಗೆ ಇದು ಸಿಗಲು ಸಾಧ್ಯವಿರಲಿಲ್ಲ.

ಗುಡಿ ಹಿಂದಿನ ಮನೆ:
ಇಷ್ಟು ವರ್ಷ ಆ ಬಾವಿಗಳ ನೀರನ್ನೇ ಕುಡಿದಿದ್ದೇವೆ, ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಸುಮ್ಮನೆ ಹೆದರಿಸುವುದು ಬೇಡ. ಆದರೆ ಈಚೆಗೆ ನಮ್ಮ ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳು ಪದರ ಕಾಣುತ್ತಿದೆ. ಅದು ಆಯಿಲೇ ಇರಬಹುದೇ?

ಬಾವಿ ಮನೆ:
ಕಾಕೂ, ಒಂದು ಉದ್ದ ಕೋಲಿನಿಂದ ಆ ಪದರವನ್ನು ಮೆಲ್ಲಗೆ ಕಲಕಿ ನೋಡಿ. ಒಡೆದ ಗಾಜಿನಂತೆ ಚೂರುಚೂರಾಗಿ, ಚೂರುಗಳು ದೂರವೇ ನಿಂತರೆ ಅದು ಕಬ್ಬಿಣದ ಅಂಶದಿಂದ ಬೆಳೆಯುವ ಸೂಕ್ಷ್ಮಜೀವಿಗಳ ಪದರ. ನಮ್ಮ ಕೆಂಪು ನೆಲದಲ್ಲಿ ಅದು ಸಹಜ. ಕಲಕಿದ ಮೇಲೂ ಸುಳಿಯಾಗಿ ತಿರುಗಿ ಮತ್ತೆ ಕೂಡಿಕೊಂಡರೆ ಆಯಿಲ್ ಎಂದು ಅನುಮಾನಿಸಬೇಕು. ಇದು ಮೊದಲ ಸುಳಿವು ಮಾತ್ರ, ಪರೀಕ್ಷೆಗೆ ಬದಲಿಯಲ್ಲ. ಸೀಸಕ್ಕಂತೂ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಮಿತಿ ಹಾಕಿದೆ. ಅಷ್ಟು ಅಲ್ಪವನ್ನು ನಾಲಿಗೆ ಕಂಡುಹಿಡಿಯುವುದಿಲ್ಲ.

ವಕೀಲ ವಹಿನಿ:
ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಪಕ್ಕದ ನೆಲ ನಮ್ಮ ನೆಲಕ್ಕೆ ಕೊಡುವ ಸಹಜ ಆಸರೆಯ ಹಕ್ಕನ್ನು 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮು ಗುರುತಿಸುತ್ತದೆ. ಆದರೆ ಅಲ್ಲಿ ಹೇಳಿರುವುದು ನೈಸರ್ಗಿಕ ಸ್ಥಿತಿಯಲ್ಲಿರುವ ಭೂಮಿಯ ಬಗ್ಗೆ. ಮೇಲೆ ಮನೆ ಇದ್ದಾಗ ವಾದ ಬೆಳೆಯುತ್ತದೆ, ಆಗ ದಾಖಲೆಯೇ ಬಲ. ಅಂಟಿಕೊಂಡ ಮೂರು ಮನೆಗಳವರು ಗೋಡೆ, ಕಾಂಪೌಂಡು, ನೆಲಹಾಸಿನ ಫೋಟೋಗಳನ್ನು ಈಗಲೇ ತೆಗೆದಿಡಿ. ಹಳೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆಯಿಂದ ಕೂರಿಸಿ ದಿನಾಂಕ ಬರೆಯಿರಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಮಾಲಿನ್ಯದ ಅನುಮಾನವಿರುವ ಜಾಗದ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಬಹುದು. ಅದರ ಪ್ರಾದೇಶಿಕ ಕಚೇರಿ ನಮ್ಮ ಊರಲ್ಲೇ ಇದೆ. ಆದರೆ ಮೊದಲ ಪತ್ರ ನಿವೇಶನದವರಿಗೇ ಹೋಗಲಿ. ಅವರು ನಮ್ಮ ನೆರೆಯವರು, ಗುಂಪಿನಲ್ಲೇ ಇದ್ದು ಉತ್ತರಿಸುತ್ತಿದ್ದಾರೆ.

ಮೂಲೆ ನಿವೇಶನದವರು:
ವಹಿನಿ, ಆ ಮಾತಿಗೆ ಕೃತಜ್ಞ. ಬಾವಿಯ ವಿಷಯ ನಮಗೆ ಮಾರಿದವರು ಹೇಳಿರಲಿಲ್ಲ. ಮನೆಯಲ್ಲಿ ಮಾತನಾಡಿದೆ. ಮತ್ತೆ ಬೋರು ಹಾಕಿಸಲು ಸಿದ್ಧ, ಆದರೆ ಎಲ್ಲಿ, ಏನನ್ನು ನೋಡಬೇಕು ಎಂದು ಬರೆದು ಕೊಡಿ. ಗುತ್ತಿಗೆದಾರರಿಗೆ ತೋರಿಸಬೇಕು.

ಸಿವಿಲ್ ಇಂಜಿನಿಯರ್:
ಸಂತೋಷ. ಆಯಿಲ್ ಗುಂಡಿಯ ಜಾಗದಲ್ಲಿ ಒಂದು, ಬ್ಯಾಟರಿ ಶೆಡ್ಡಿನಲ್ಲಿ ಒಂದು, ಕಾಕಾ ತೋರಿಸುವ ಬಾವಿಯ ಮೇಲೆ ಒಂದು. ಆಳವನ್ನು ಈಗಿನ ನೆಲದಿಂದ ಅಳೆಯಬೇಡಿ. ನೆಲಮಾಳಿಗೆಯ ತಳದಿಂದಲೂ ಸಾಕಷ್ಟು ಕೆಳಗೆ ಹೋಗಬೇಕು. ಮೇಲ್ಪದರ, ನಡು, ತಳ ಹೀಗೆ ಬೇರೆ ಬೇರೆ ಮಾದರಿ ತೆಗೆಯಿರಿ, ಬೆರೆಸಬೇಡಿ. ಪೆಟ್ರೋಲಿಯಂ ಅಂಶ, ಸೀಸ, ಆಮ್ಲೀಯತೆ, ಸಲ್ಫೇಟ್ ನೋಡಿಸಿ. ಬ್ಯಾಟರಿ ಆಮ್ಲದ ಸಲ್ಫೇಟ್ ನಿಮ್ಮ ಕಾಂಕ್ರೀಟನ್ನೇ ತಿನ್ನುತ್ತದೆ, ಅದಿದ್ದರೆ ಸಿಮೆಂಟಿನ ಆಯ್ಕೆಯೇ ಬದಲಾಗಬೇಕು. ಪೆಟ್ರೋಲಿಯಂ ಇದ್ದರೆ ಅದರ ಆವಿ ಗಾಳಿಯಾಡದ ನೆಲಮಾಳಿಗೆಯಲ್ಲಿ ತುಂಬುತ್ತದೆ. ಒಂದು ಬೋರಿನಲ್ಲಿ ರಂಧ್ರಗಳಿರುವ ಪೈಪು ಬಿಟ್ಟು ಮಳೆಗಾಲ ಮುಗಿಯುವ ತನಕ ವಾರಕ್ಕೊಮ್ಮೆ ನೀರಿನ ಮಟ್ಟ ಅಳೆಯಿರಿ. ವರದಿಯನ್ನು ಸ್ಟ್ರಕ್ಚರಲ್ ಇಂಜಿನಿಯರರ ಕೈಗೆ ಕೊಟ್ಟ ಮೇಲೆಯೇ ಜೆಸಿಬಿ ಕರೆಸಿ.

ಮೂಲೆ ನಿವೇಶನದವರು:
ಮಳೆಗಾಲ ಮುಗಿಯುವ ತನಕ ಕಾಯುವುದು ಕಷ್ಟ. ಆದರೂ ತೋಡುವುದನ್ನು ದೀಪಾವಳಿಯ ನಂತರಕ್ಕೆ ಹಾಕಲು ಕೇಳುತ್ತೇನೆ. ಬೋರುಗಳನ್ನು ಈ ತಿಂಗಳೇ ಹಾಕಿಸುತ್ತೇನೆ.

ಬಾವಿ ಮನೆ:
ದೊಡ್ಡ ಮನಸ್ಸು ಮಾಡಿದ್ದೀರಿ. ಬಾವಿ ನೀರಿನ ಪರೀಕ್ಷೆಯ ಖರ್ಚನ್ನು ನಾವು ಐದು ಮನೆಯವರು ಹಂಚಿಕೊಳ್ಳುತ್ತೇವೆ, ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರುವ ಪ್ರಯೋಗಾಲಯಕ್ಕೇ ಕೊಡೋಣ. ಆಯಿಲ್ ಪರೀಕ್ಷೆಗೆ ಗಾಜಿನ ಬಾಟಲಿ, ಸೀಸಕ್ಕೆ ಅವರೇ ಆಮ್ಲ ಹಾಕಿ ಕೊಡುವ ಪ್ಲಾಸ್ಟಿಕ್ ಬಾಟಲಿ. ಮನೆಯ ತಂಪು ಪಾನೀಯದ ಬಾಟಲಿ ಯಾರೂ ತರಬೇಡಿ. ಭಾನುವಾರ ಬೆಳಿಗ್ಗೆ ಏಳಕ್ಕೆ, ಯಾರೂ ಮೋಟಾರು ಹಚ್ಚುವ ಮುನ್ನ, ಗುಡಿ ಹಿಂದಿನ ಬಾವಿಯಿಂದ ಶುರು ಮಾಡೋಣ. ಮಾಸ್ತರ್ ಕಾಕಾ, ನೀವು ಅದಾದ ಮೇಲೆ ಮುಚ್ಚಿದ ಬಾವಿಯ ಜಾಗ ತೋರಿಸಿ. ಸುಣ್ಣದಲ್ಲಿ ಗುರುತು ಹಾಕಿಸುತ್ತೇನೆ.

ಹಿಟ್ಟಿನ ಗಿರಣಿ ಪಕ್ಕದವರು:
ಮಾದರಿಗಳನ್ನು ತಂಪಾಗಿಡಲು ಐಸ್ ಪೆಟ್ಟಿಗೆ ನಾನು ತರುತ್ತೇನೆ. ಭರಾವಿನ ಟ್ರಾಲಿ ಬೇಡ ಎಂದು ಈಗಲೇ ಫೋನ್ ಮಾಡಿ ಹೇಳಿದೆ.