ಪೇಟೆ ರಸ್ತೆಯ ನೀರು: ಮೊದಲು ಗಟಾರ, ಆಮೇಲೆ ಕಾಂಕ್ರೀಟು

ಬಟ್ಟೆ ಅಂಗಡಿ ಅಕ್ಕ: ನಮ್ಮ ಕಾರವಾರ ಪೇಟೆ ಗುಂಪಿನ ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಸಂತೆ ಹೊತ್ತಿಗೆ ಪೇಟೆ ರಸ್ತೆಯಲ್ಲಿ ಮೊಣಕಾಲುದ್ದ ನೀರು. ನಮ್ಮ ಕೆಳಗಿನ ಸಾಲಿನ ಸೀರೆಗಳೆಲ್ಲ ಹಾಳಾದವು, ಅದು ಹೋಗಲಿ. ಮೂಲೆಯಲ್ಲಿ ಸೊಪ್ಪು ಮಾರುವ ಹಾಲಕ್ಕಿ ಸಮುದಾಯದ ಅಜ್ಜಿ ಬುಟ್ಟಿ ತಲೆ ಮೇಲಿಟ್ಟುಕೊಂಡು ಎರಡು ತಾಸು ನಮ್ಮ ಮೆಟ್ಟಿಲ ಮೇಲೆ ನಿಂತಿದ್ದರು. ಒಂದು ಕಟ್ಟು ಸೊಪ್ಪೂ ಹೋಗಲಿಲ್ಲ. ನೋಡಲಿಕ್ಕೆ ಆಗಲಿಲ್ಲ ನನಗೆ. ಈ ಸಲ ಸೇರಿ ಏನಾದರೂ ಮಾಡಲೇಬೇಕು.

ಹೋಟೆಲ್ ಕಾಮತರು: ಚೌತಿಗೆ ಮೊದಲು ರಸ್ತೆಗೆ ಕಾಂಕ್ರೀಟು ಹಾಕ್ತಾರಂತೆ. ಅರ್ಧ ಅಡಿ ಎತ್ತರ ಆದ್ರೆ ನೀರು ನಿಲ್ಲೂದಿಲ್ಲ. ಬೇಗ ಮಾಡಿ ಅಂತ ಎಲ್ಲರೂ ಸಹಿ ಹಾಕಿ ಕೊಡುವ.

ಔಷಧಿ ಅಂಗಡಿ: ರಸ್ತೆ ಎತ್ತರ ಆದ್ರೆ ನೀರು ನಮ್ಮ ಒಳಗೆ ಬರ್ತದೆ ಮಾರಾಯ್ರೆ. ನಮ್ಮದು ಹಳೇ ಚಿರೇಕಲ್ಲಿನ ಕಟ್ಟಡ. ಹೊಸ್ತಿಲು ಈಗಲೇ ರಸ್ತೆಯ ಸಮಕ್ಕೆ ಇದೆ.

ಮಾಸ್ತರ್, ಎರಡನೇ ಅಡ್ಡರಸ್ತೆ: ನನಗೆ ಒಂದು ಬಗೆಹರಿಯುತ್ತಿಲ್ಲ. ಶುಕ್ರವಾರ ಸಂಜೆಯ ಮಳೆ ಭಾನುವಾರಕ್ಕಿಂತ ಜೋರಿತ್ತು. ಆದರೂ ಮುಕ್ಕಾಲು ತಾಸಿನಲ್ಲಿ ರಸ್ತೆ ಕಂಡಿತು. ಭಾನುವಾರ ಮಳೆ ನಿಂತ ಮೇಲೂ ಮೂರು ತಾಸು ನೀರು ಕದಲಲಿಲ್ಲ. ಗಟಾರ ಅದೇ, ರಸ್ತೆ ಅದೇ.

ಬೈತಖೋಲದ ತಮ್ಮ: ಭಾನುವಾರ ಅಮಾಸೆ ಅಲ್ದಾ ಮಾಸ್ತರೆ. ಅಮಾಸೆ, ಹುಣ್ಣಿಮೆ ಸುತ್ತ ಇಲ್ಲಿ ಭರತಿ, ಅಂದ್ರೆ ಕಡಲಿನ ಉಬ್ಬರ, ಹನ್ನೊಂದು ಹನ್ನೆರಡಕ್ಕೆ ತುಂಬ್ತದೆ, ಸರೀ ಸಂತೆ ಹೊತ್ತಿಗೆ. ಶುಕ್ರವಾರ ಸಂಜೆ ಇಳಿತ ಇತ್ತು. ಕಡಲೇ ತುಂಬಿರುವಾಗ ಪೇಟೆ ನೀರು ಎಲ್ಲಿಗೆ ಹೋಗ್ಬೇಕು? ಅದರ ಮೇಲೆ ಮಳೆಗಾಲದ ಅಲೆ ರೇತಿ ತಂದು, ನೀರು ಕಡಲು ಸೇರುವ ನಾಲೆ ಬಾಯಿಗೆ ಒಡ್ಡು ಕಟ್ತದೆ. ನಿನ್ನೆ ಹೋಗಿ ನೋಡಿದೆ, ಮುಕ್ಕಾಲು ಬಾಯಿ ಮುಚ್ಚಿದೆ.

ಮಾಸ್ತರ್: ತಮ್ಮಾ, ಇಷ್ಟು ವರ್ಷ ಇಲ್ಲೇ ಇದ್ದು ನನಗೆ ಹೊಳೆಯದ್ದನ್ನು ಹೇಳಿದೆ. ನಮ್ಮ ಊರಿನ ನೆಲವೇ ಹಾಗೆ. ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಕಡಲು, ನಡುವಿನ ಪಟ್ಟಿಯಲ್ಲಿ ನಾವು. ಗುಡ್ಡದಿಂದ ಇಳಿದದ್ದೂ ಪೇಟೆಯಲ್ಲಿ ಬಿದ್ದದ್ದೂ ಹೆದ್ದಾರಿ 66ರ ಕೆಳಗಿನ ಮೋರಿ ದಾಟಿಯೇ ಕಡಲು ಸೇರಬೇಕು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯ ಊರು. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಬಿದ್ದರೆ 1 ಲೀಟರ್ ನೀರು. ಲೆಕ್ಕಕ್ಕೆ 500 ಮೀಟರ್ ಉದ್ದ, 12 ಮೀಟರ್ ಅಗಲದ ರಸ್ತೆ ಹಿಡಿಯಿರಿ. ಒಂದು ದಿನ 100 ಮಿ.ಮೀ. ಸುರಿದರೆ ಬರೀ ರಸ್ತೆಯ ಮೇಲೆ 6 ಲಕ್ಷ ಲೀಟರ್, ಅಂದರೆ 6,000 ಲೀಟರಿನ 100 ಟ್ಯಾಂಕರು. ತಾರಸಿ ನೀರು ಬೇರೆ. ಮೊದಲು ಹಿತ್ತಿಲು, ತೆಂಗಿನ ಬುಡ ಸ್ವಲ್ಪವಾದರೂ ಕುಡಿಯುತ್ತಿದ್ದವು. ಈಗ ಗೇಟಿನವರೆಗೂ ಇಂಟರ್‌ಲಾಕ್.

ಭರತಿಯನ್ನು ನಿಲ್ಲಿಸಲು ನಮ್ಮಿಂದಾಗದು. ಆದರೆ ಒಂದು ಭರತಿಯಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ ಇರುತ್ತದೆ. ಕಡಲು ಇಳಿಯುವವರೆಗೆ ನೀರು ಕಾದಿರಲು ಗಟಾರದಲ್ಲಿ ಜಾಗ ಬೇಕು, ಇಳಿದ ಕೂಡಲೇ ಓಡಲು ಬಾಯಿ ತೆರೆದಿರಬೇಕು. ನಮಗೆ ಎರಡೂ ಇಲ್ಲ. ಹೀಗಿರುವಾಗ ಮೇಲೆ ಅರ್ಧ ಅಡಿ ಕಾಂಕ್ರೀಟು ಹಾಕಿದರೆ ನೀರು ತಗ್ಗಿನ ಅಂಗಡಿಗಳಿಗೆ ನುಗ್ಗುತ್ತದೆ. ಕಾಮತರೇ, ನಿಮ್ಮ ಹೋಟೆಲು ಎತ್ತರದಲ್ಲಿದೆ. ಎದುರಿನ ಸಾಲನ್ನೂ ಸ್ವಲ್ಪ ನೋಡಿ. ನಾನು ಸಹಿ ಹಾಕುವುದು ಒಂದೇ ಮನವಿಗೆ: ಪೇಟೆಯಿಂದ ಮೋರಿಯ ಬಾಯಿವರೆಗೆ ಗಟಾರದ ತಳಮಟ್ಟ ಅಳೆಯಿರಿ, ಹೂಳು ತೆಗೆಯಿರಿ, ಹಳೇ ಡಾಂಬರು ಕೆರೆದು ತೆಗೆದ ಮೇಲೆಯೇ ಹೊಸತು ಹಾಕಿ.

ಹೋಟೆಲ್ ಕಾಮತರು: ನೀವು ಹೇಳೂದು ಸರಿ ಕಾಣ್ತದೆ. ಆದ್ರೆ ತಡ ಮಾಡಿ ಬಂದ ದುಡ್ಡು ವಾಪಸ್ ಹೋದ್ರೆ? ಹಾಗೆ ಆದದ್ದು ನೋಡಿದ್ದೇನೆ.

ಮಾಸ್ತರ್: ಆ ಭಯ ನನಗೂ ಇದೆ. ಕೆಲಸ ನಿಲ್ಲಿಸಿ ಅನ್ನುವುದು ಬೇಡ. ಅಂದಾಜುಪಟ್ಟಿಯಲ್ಲಿ ಗಟಾರ ಇದೆಯೋ ಇಲ್ಲವೋ ಮೊದಲು ತಿಳಿಯೋಣ. ಮಾಹಿತಿ ಹಕ್ಕಿನ ಅರ್ಜಿಗೆ ₹10. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ಇವತ್ತು ರಾತ್ರಿಯೇ ಬರೆದು ಇಲ್ಲಿ ಹಾಕುತ್ತೇನೆ.

ಅಂಗನವಾಡಿ ಅಕ್ಕೋರು: ಅಲ್ಲಿವರೆಗೆ ಮಕ್ಕಳನ್ನು ಆ ನೀರಿಗೆ ಬಿಡಬೇಡಿ. ಕಾಲಲ್ಲಿ ಗಾಯ ಇದ್ದರೆ ಇಲಿಜ್ವರದ ಭಯ. ನೀರಲ್ಲಿ ನಡೆದ ಮೇಲೆ ಜ್ವರ, ಮೈಕೈ ನೋವು ಬಂದರೆ ತಡ ಮಾಡದೆ ಡಾಕ್ಟರಿಗೆ ನೀರಿನ ವಿಷಯ ಹೇಳಿ.

ಬಟ್ಟೆ ಅಂಗಡಿ ಅಕ್ಕ: ಮಾಸ್ತರ್, ನಾವು ಏನು ಮಾಡಬಹುದು? ಅರ್ಜಿ ಬಿಟ್ಟು.

ಮಾಸ್ತರ್: ಪ್ರತಿ ಮಳೆಗೆ ನಿಮ್ಮ ಕಂಬದ ಮೇಲೆ ನೀರಿನ ಮಟ್ಟ ಗುರುತು ಮಾಡಿ. ಏರಿದ ಹೊತ್ತು, ಇಳಿದ ಹೊತ್ತು ಬರೆದಿಡಿ. ಭರತಿಯ ಹೊತ್ತನ್ನು ತಮ್ಮ ಹೇಳಲಿ. ಒಂದು ತಿಂಗಳ ಲೆಕ್ಕ ಕೈಯಲ್ಲಿದ್ದರೆ ಎಂಜಿನಿಯರರ ಮುಂದೆ ಕೂತು ಮಾತಾಡಬಹುದು.

ಬೈತಖೋಲದ ತಮ್ಮ: ಹೇಳ್ತೆ. ದಿನಾ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ನೆನಪಿಡಿ.

ಮೇಸ್ತ್ರಿ: ತಳಮಟ್ಟ ನೋಡೂಕೆ ನನ್ನ ನೀರಿನ ಪೈಪು ಇದೆ, ನಾಳೆ ತರ್ತೆ. ಆದ್ರೆ ಅಂಗಡಿ ಮುಂದೆ ಎಲ್ಲರೂ ಗಟಾರದ ಮೇಲೆ ಹಲಗೆ ಹಾಸಿ ಗಿಲಾವು ಮಾಡಿ ಮುಚ್ಚಿಟ್ಟಿದ್ದೀರಿ. ಹಲಗೆ ಎತ್ತದೆ ಎಲ್ಲಿ ಅಳೀಲಿ? ಒಳಗೆ ಮಾತ್ರ ಯಾರನ್ನೂ ಇಳಿಸೂದು ಬೇಡ, ಗಾಳಿ ಕೆಟ್ಟಿರ್ತದೆ. ಹೂಳು ಯಂತ್ರದಿಂದಲೇ ತೆಗೀಬೇಕು.

ಔಷಧಿ ಅಂಗಡಿ: ಮುಚ್ಚಿದವರಲ್ಲಿ ನಾನೂ ಒಬ್ಬ. ಗಾಡಿ ನಿಲ್ಲಿಸಲು ಅನುಕೂಲ ಅಂತ ನಾಲ್ಕು ವರ್ಷದ ಹಿಂದೆ ಮಾಡಿಸಿದ್ದೆ. ತಪ್ಪಾಯಿತು. ನಾಳೆ ಏಳು ಗಂಟೆಗೆ ಒಡೆಸುತ್ತೇನೆ, ಮೇಸ್ತ್ರಿ ಬನ್ನಿ.

ಔಷಧಿ ಅಂಗಡಿ (ಮರುದಿನ ಬೆಳಿಗ್ಗೆ): ಎತ್ತಿ ಆಯಿತು. ಮೇಲಿನಿಂದಲೇ ಕೋಲು ಹಾಕಿ ನೋಡಿದೆವು. ಗಟಾರದ ಆಳ ಎರಡೂವರೆ ಅಡಿ, ಅದರಲ್ಲಿ ಎರಡು ಅಡಿ ಹೂಳು. ಫೋಟೋ ಹಾಕಿದ್ದೇನೆ.

ಹೋಟೆಲ್ ಕಾಮತರು: ಮೇಸ್ತ್ರಿ, ಅಲ್ಲಿ ಮುಗಿದ ಮೇಲೆ ನಮ್ಮ ಮುಂದಿನದಕ್ಕೆ ಬನ್ನಿ. ಇಬ್ಬರು ಹುಡುಗರು ಹಾರೆ ಹಿಡಿದು ನಿಂತಿದ್ದಾರೆ.