ಜರ್ಮನಿಯಲ್ಲಿ ಕಿಟಕಿ ತೆಗೆಯೋ ಶಾಸ್ತ್ರ

ಮಂಜ: ಬಾಡಿಗೆ ಮನೆ ಸಿಕ್ತು ಗುರು. ಕಿಟಕಿ ಮಾತ್ರ ಕೆಟ್ಟಿದೆ. ಮೇಲಿನ ಅಂಚು ಕಳಚ್ಕೊಂಡು ಒಳಗೆ ವಾಲುತ್ತೆ.

ಗಿರೀಶ: ಕೆಟ್ಟಿಲ್ಲ ಮಾರಾಯ! ಹಿಡಿ ಕೆಳಗಿದ್ರೆ ಬಂದ್, ಅಡ್ಡಕ್ಕಿದ್ರೆ ಬಾಗಿಲ ಥರ ತೆರೆಯುತ್ತೆ, ಮೇಲಕ್ಕೆ ತಿರುಗಿಸಿದ್ರೆ ವಾಲುತ್ತೆ.

ಸುಮಾ: ವಾಲಿಸಿ ಇಡೀ ದಿನ ಬಿಟ್ಟೀಯ, ಜೋಕೆ. ಗಾಳಿ ಅಷ್ಟಾಗಿ ಬದಲಾಗಲ್ಲ, ಕಿಟಕಿ ಸುತ್ತಲ ಗೋಡೆ ಮಾತ್ರ ತಣ್ಣಗಾಗುತ್ತೆ. ಅನ್ನದ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆ ತೇವ ಎಲ್ಲಾ ಅಲ್ಲೇ ಹೋಗಿ ಕೂರುತ್ತೆ. ಆಮೇಲೆ ಕಪ್ಪು ಬೂಷ್ಟು.

ಗಿರೀಶ: ಹೀಟರ್ ತಿರುಪು ಬಂದ್ ಮಾಡು, ಎದುರುಬದುರು ಕಿಟಕಿ ಪೂರ್ತಿ ತೆಗಿ, 5 ನಿಮಿಷ. ದಿನಕ್ಕೆ ಎರಡು-ಮೂರು ಸಲ. 'ಸ್ಟೋಸ್‌ಲ್ಯೂಫ್ಟನ್' ಅಂತಾರೆ. ತ್ರಿಕಾಲ ಸಂಧ್ಯಾವಂದನೆ ಅಂದ್ಕೋ.

ಮಂಜ: ಹೊರಗೆ ಮೈನಸ್ 5 ಇದ್ರೂ?

ಸುಮಾ: ಆಗ ಇನ್ನೂ ಒಳ್ಳೇದು. ತಣ್ಣನೆ ಗಾಳೀಲಿ ನೀರಿನಂಶ ಕಮ್ಮಿ, ಒಳಗೆ ಬಂದು ಬಿಸಿಯಾದಾಗ ತೇವ ಹೀರ್ಕೊಳ್ಳುತ್ತೆ. 5 ನಿಮಿಷಕ್ಕೆ ಗೋಡೆ, ಸಾಮಾನು ತಣ್ಣಗಾಗಲ್ಲ. ಬೀರು ಹೊರಗೋಡೆಗೆ ಅಂಟಿಸಬೇಡ, ನಾಲ್ಕು ಬೆರಳಾದ್ರೂ ಬಿಡು.

ಗಿರೀಶ: ಬೂಷ್ಟು ಬಂತೋ, ಮಾಲೀಕರ ಕಣ್ಣು ಠೇವಣಿ ಮೇಲೆ. ಕಾನೂನಿನ ಪ್ರಕಾರ ಠೇವಣಿ ಅಂತ 3 ತಿಂಗಳ ಬಾಡಿಗೆವರೆಗೂ ತಗೋಬಹುದು.

ಮಂಜ: ಬೆಂಗಳೂರಲ್ಲಿ ಹತ್ತು ತಿಂಗಳದ್ದು ಕೊಟ್ಟವನಿಗೆ ಇದೇನು ಬಿಡು. ಒಗ್ಗರಣೆ ಹಾಕ್ಬಹುದಾ?

ಗಿರೀಶ: ಧಾರಾಳವಾಗಿ. ಆದ್ರೆ ಘಾಟು ಎದ್ದ ತಕ್ಷಣ ಅಡುಗೆಮನೆ ಬಾಗಿಲು ತೆಗೀತೀವಲ್ಲ, ಅದೇ ಎಡವಟ್ಟು. ಹೊಗೆ ಅಲಾರಂ ಇರೋದು ಹೊರಗಿನ ಪಡಸಾಲೆ ಚಾವಣೀಲಿ. ಅದಕ್ಕೆ ಬೆಂಕಿ ಯಾವುದು ಒಗ್ಗರಣೆ ಯಾವುದು ಗೊತ್ತಾಗಲ್ಲ. ಎಣ್ಣೆ ಹೊಗೆ ತಾಗಿದ್ರೆ ಸಾಕು, ಕಿರುಚುತ್ತೆ.

ಸುಮಾ: ಒಲೆ ಮೇಲಿನ ಚಿಮಣೀನೂ ನಂಬಬೇಡ. ಎಷ್ಟೋ ಮನೇಲಿ ಅದು ಹೊಗೆ ಹೊರಗೆ ಕಳಿಸಲ್ಲ, ಇದ್ದಿಲ ಫಿಲ್ಟರಲ್ಲಿ ಸೋಸಿ ನಿನ್ನ ಮುಖಕ್ಕೇ ಊದುತ್ತೆ. ಮೊದಲು ಬಾಗಿಲು ಹಾಕು, ಕಿಟಕಿ ತೆಗಿ, ಆಮೇಲೆ ಸಾಸಿವೆ. ಒಣಮೆಣಸಿನಕಾಯಿ ಒಲೆ ಆರಿಸಿದ ಮೇಲೆ.

ಮಂಜ: ಇಂಗು?

ಸುಮಾ: ಇಂಗಿಗೆ ಅಲಾರಂ ಯಾಕೆ, ಮೇಲ್ಮಹಡಿ ಅಜ್ಜಿ ಇದ್ದಾರಲ್ಲ.

ಗಿರೀಶ: ಹಾಂ, ನೀರು ಕುಡಿದು ಬಾಟಲಿ ಜಜ್ಜಬೇಡ. ಠೇವಣಿ ಗುರುತಿರೋ ಪ್ಲಾಸ್ಟಿಕ್ ಬಾಟಲಿಗೆ, ಕೊಳ್ಳುವಾಗ ಕಟ್ಟಿದ 25 ಸೆಂಟ್ ಅಂಗಡಿ ಮೆಷಿನಲ್ಲಿ ವಾಪಸ್. ಬಾರ್‌ಕೋಡ್ ಓದೋಕಾಗದಿದ್ರೆ ಮೆಷಿನ್ ವಾಪಸ್ ಉಗಿಯುತ್ತೆ.

ಮಂಜ: ಉಪ್ಪಿನಕಾಯಿ ಬಾಟಲಿಗೆ?

ಸುಮಾ: ಚಿಕ್ಕಾಸೂ ಇಲ್ಲ. ಬೀದಿ ಗಾಜಿನ ತೊಟ್ಟಿಗೆ ಹಾಕ್ಬೇಕು. ಬಿಳಿ, ಕಂದು, ಹಸಿರು ಬೇರೆಬೇರೆ. ನೀಲಿ ಬಾಟಲಿ ಇದ್ರೆ ಹಸಿರಿಗೆ. ಭಾನುವಾರ ಮಾತ್ರ ಹಾಕಂಗಿಲ್ಲ, ಸದ್ದು.

ಗಿರೀಶ: ಭಾನುವಾರ ಗೋಡೆಗೆ ಡ್ರಿಲ್ಲೂ ಇಲ್ಲ.

ಮಂಜ: ತೆಂಗಿನಕಾಯಿ?

ಸುಮಾ: ಒಂದೇ ಏಟಿಗೆ ಒಡೆಯೋದಾದ್ರೆ ಒಡಿ.